ಹನ್ನೆರಡು ಪಾಯಿಂಟ್ ಎಂಟು

ಈಗಲೇ ಮೀಟರ್ ಇಡಬೇಡ, ಹಸೈನಾರ್.
ಚಾರ್ಜರಿನಿಂದ ಆಗಷ್ಟೇ ಬಿಡಿಸಿದ ಬ್ಯಾಟರಿ
ಮದುವೆಯೂಟ ಮುಗಿಸಿ ಎದ್ದವನ ಹಾಗೆ,
ಯಾರು ಕೇಳಿದರೂ ಸಾಕು ಸಾಕು ಎನ್ನುತ್ತದೆ.
ಹದಿಮೂರರ ಮೇಲೆ ತೋರಿಸುತ್ತದೆ. ನಂಬಬೇಡ.
ಅದು ಮೇಲೆ ಕಟ್ಟಿದ ಕೆನೆ.
ಕೆಳಗೆ ಹಾಲೋ ನೀರೋ
ನಾಳೆ ಬೆಳಿಗ್ಗೆ ನೋಡುವ.

ಮುಚ್ಚಿದ ಡಬ್ಬ ಮಾರಾಯ, ಬಿರಡೆ ಇಲ್ಲ.
ಊರಿನ ಲಾರಿ ಬ್ಯಾಟರಿಗೆ ಮಾಡಿದ ಹಾಗೆ
ಗಾಜಿನ ಕೊಳವೆ ಇಳಿಸಿ ಆಸಿಡ್ಡಿನ ತೂಕ ನೋಡುವಂತಿಲ್ಲ.
ಒಂದು ಕೆಂಪು, ಒಂದು ಕಪ್ಪು,
ಕೇಳುವುದಿದ್ದರೆ ಅಲ್ಲೇ ಕೇಳಬೇಕು.
ಪಕ್ಕೆ ಉಬ್ಬಿದೆಯಾ, ಮೊದಲು ಕೈಯಾಡಿಸು.
ಲಿಫ್ಟಿನ ಮೇಲಿನ ಈ ಕೋಣೆಯಲ್ಲಿ ಐವತ್ತು ಡಿಗ್ರಿ;
ಐದು ವರ್ಷ ಅಂತ ಅಂಟಿಸಿದ್ದು ಇಲ್ಲಿ ಎರಡು ಬೇಸಿಗೆ.

ನಾನೂ ನಿನ್ನಷ್ಟೇ ಅವಸರದವನು.
ಫಹಾಹೀಲಿನಲ್ಲಿ ಆ ವರ್ಷ ಒಂದೇ ದಿನ ಹನ್ನೊಂದು ಕಟ್ಟಡ.
ಬಿಡಿಸಿದ್ದೇ ತಡ ತಂತಿ ತಾಗಿಸಿ,
'ಗುಡ್' ಎಂದು ಬರೆದು, ಕೆಳಗೆ ನನ್ನ ಸಹಿ.

ಜುಲೈಯಲ್ಲಿ ಕರೆಂಟು ಹೋಯಿತು.
ಮೂರು, ನಾಲ್ಕನೇ ಮಹಡಿಯ ನಡುವೆ
ಶ್ರೀಲಂಕಾದ ಸೋಮಾವತಿ, ಮನೆಗೆಲಸದವಳು.
ದೀಪ ಹತ್ತಿತಂತೆ, ಕೆಂಪಾಯಿತಂತೆ, ಆರಿತಂತೆ.
ಗಂಟೆಯ ಗುಂಡಿ ಒತ್ತಿದರೆ ಒಂದು ಕೆಮ್ಮು.
ನಲವತ್ತು ನಿಮಿಷ.

ಮೇಲೆ ಚಕ್ರ ತಿರುಗಿಸಿ, ಮೂರಕ್ಕೆ ಇಳಿಸಿ,
ಓಡಿ ಬಂದು ಬಾಗಿಲು ಸರಿಸಿದೆ.
ನಿಂತೇ ಇದ್ದಳು.
ಚಾಚಿದ ಎರಡು ತೋಳಿನ ಮೇಲೆ
ಇಸ್ತ್ರಿಯಾದ ಬಿಳಿ ದಿಶ್‌ದಾಶಾಗಳು. ಎಣಿಸಿದೆ, ಒಂಬತ್ತು.
ನೆಲ ಗಲೀಜು, ಕೆಳಗಿಟ್ಟಿರಲಿಲ್ಲ.
ಬೆವರು ತೊಟ್ಟಿಕ್ಕದಂತೆ ಮುಖ ಆಚೆ ತಿರುಗಿಸಿಕೊಂಡಿದ್ದಳು.
ಒಂದರಲ್ಲೂ ಸುಕ್ಕಿಲ್ಲ.
ಮೊಣಕೈ ಮಾತ್ರ ನಡುಗುತ್ತಿತ್ತು.
ತೆಗೆದುಕೊಳ್ಳಲು ಕೈ ನೀಡಿದೆ, ಕೈತುಂಬ ಗ್ರೀಸು.
'ಲಾ, ಲಾ' ಎಂದು ಮೆಟ್ಟಿಲು ಹತ್ತಿದಳು.

ದೂರು ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು.

ಆ ಬ್ಯಾಟರಿಯನ್ನು ರೂಮಿಗೆ ಒಯ್ದು ತುಂಬಿಸಿ,
ಒಂದಿಡೀ ರಾತ್ರಿ ಮಲಗಿಸಿ, ಬೆಳಿಗ್ಗೆ ಅಳೆದೆ:
ಹನ್ನೆರಡು ಪಾಯಿಂಟ್ ಎಂಟು. ಕಾಗದದ ಮೇಲೆ ಆರೋಗ್ಯವಂತ.
ಹಳೇ ಕಾರಿನ ಬಲ್ಬೊಂದನ್ನು ಹೆಗಲಿಗೆ ಏರಿಸಿದೆ.
ಹತ್ತಕ್ಕೆ ಬಿತ್ತು. ಏಳಕ್ಕೆ.
ನಾನು ಚಹಾ ಲೋಟ ಎತ್ತುವಷ್ಟರಲ್ಲಿ ಕತ್ತಲು.

ಹಾಗಾಗಿ ನಾಳೆ ಅಂಕಿ ಸರಿ ಬಂದರೂ
ಪುಸ್ತಕ ತೆರೆಯಬೇಡ.
ಬಲ್ಬು ತಗುಲಿಸು, ಕಾಲು ಗಂಟೆ ಇಲ್ಲೇ ನಿಲ್ಲು.
ಸುಮ್ಮನೆ ಅಲ್ಲ, ಕೈಯಲ್ಲಿ ಏನಾದರೂ ಹಿಡಿದು ನಿಲ್ಲು,
ಆ ಟೂಲ್‌ಬಾಕ್ಸ್ ಸಾಕು.
ಕೆಳಗಿಡಬೇಡ.