ಚೇಗು

ಸಕ್ಕರೆಯ ಜಿಲ್ಲೆಯಲ್ಲಿ
ಕಹಿಯ ಲೆಕ್ಕ ಬರೆಯುವ ಕೆಲಸ ನನ್ನದು.

ಪಾಂಡವಪುರದಾಚೆ, ನಾಲೆ ಏರಿಯ ಕೆಳಗೆ,
ಎರಡೂ ಕಡೆ ಕಬ್ಬು, ನಡುವೆ ನಮ್ಮ ಹತ್ತು ಗುಂಟೆ.
ನೂರಾ ಅರವತ್ತು ಗೂಟ
ಎದೆಮಟ್ಟ ಹೂತು ನಿಂತಿವೆ,
ಒಂದೊಂದರ ಕೊರಳಿಗೂ ತಗಡಿನ ನಂಬರು.
ಕಬ್ಬು ಕಡಿಯಲು ಬಂದವರು ಕೇಳುತ್ತಾರೆ:
‘ಏನ್ ಬೆಳೀತೀರವ್ವ ಇಲ್ಲಿ?’
ಗೆದ್ದಲು, ಅನ್ನುತ್ತೇನೆ.
ನಗುತ್ತಾರೆ. ಸುಳ್ಳೇನಲ್ಲ.

ಆರು ತಿಂಗಳಿಗೊಮ್ಮೆ ಕಿತ್ತು, ಮಣ್ಣು ಕೊಡವಿ,
ಚಾಕುವಿನ ಮೊನೆ ಊರಿ ನೋಡುತ್ತೇನೆ.
ಜಾರಿದರೆ ಹತ್ತು. ನಾಟಿದರೆ ಏಳು.
ನೆನೆದ ಅವಲಕ್ಕಿಯಂತೆ ಕೈಗೆ ಬಂದರೆ ಸೊನ್ನೆ,
ತಗಡು ಬಿಚ್ಚಿ ಜೇಬಿಗೆ.

ಬರೀ ಮಾವು ಮೊದಲ ಮಳೆಗಾಲಕ್ಕೇ ಹೋಯಿತು.
ಸಿಲ್ವರ್ ಓಕಿನ ಬುಡದಲ್ಲಿ ಅಣಬೆ ಕಿವಿ ಬಿಟ್ಟಿತು.
ಹೊನ್ನೆಗೆ ಇದು ಏಳನೇ ವರ್ಷ:
ಹೊರಗಿನ ಬಿಳಿಯೆಲ್ಲ ತಿನ್ನಿಸಿಕೊಂಡು
ಒಳಗಿನ ಚೇಗು ಹಾಗೇ,
ಎಲುಬಿನಂತೆ.

ಮರದ ಹೊರಸುತ್ತು ಬದುಕಿರುತ್ತದೆ.
ನೀರು, ಗಂಜಿ, ಒಂದಿಷ್ಟು ಸಕ್ಕರೆ;
ಗೆದ್ದಲಿಗೆ ಅಲ್ಲೇ ಪಂಕ್ತಿ.
ಒಳಗಿನದು ಸಾಯುತ್ತ ಬಂದದ್ದು.
ಸಾಯುವ ಮುಂಚೆ ಒಂದೊಂದು ಕೋಣೆಯೂ
ಉಳಿದ ಸಿಹಿಯನ್ನೆಲ್ಲ ಕಾಸಿ ಕಹಿ ಮಾಡಿ
ತನ್ನ ಗೋಡೆಗೇ ಬಳಿದು
ಕದ ಹಾಕಿಕೊಂಡಿತು.
ಯಾರಿಗೆಂದು?
ಕೇಳೋಣವೆಂದರೆ ಒಳಗೆ ಯಾರೂ ಇಲ್ಲ.
ಮರ ಮಾತ್ರ ನಿಂತಿರುವುದು ಅದರ ಮೇಲೇ.

ಅಪ್ಪ ಕಾಳಾಚಾರಿಗೆ ಇದೆಲ್ಲ ಮೂಗಿನಲ್ಲಿ ಗೊತ್ತಿತ್ತು.
ಕರೆಂಟು ಹೋದ ಸಂಜೆ
ಕತ್ತಲಲ್ಲೇ ಒಂದೆಳೆ ತೋಪಡ ಹೊಡೆದು
ಸೀನಿ ಹೇಳುತ್ತಿದ್ದ:
ಒಂದೇ ಸೀನಾದರೆ ತೇಗ,
ಬೆನ್ನಬೆನ್ನಿಗೆ ಮೂರಾದರೆ ಬೀಟೆ.
‘ಹುಳುನೇ ಬುಡ್ನಿಲ್ಲ, ನನ್ನ ಬುಟ್ಟದಾ ಆ ಮರ?’
ಕೊನೆಯ ವರ್ಷಗಳಲ್ಲಿ
ಉಸಿರೆಳೆದರೆ ಒಳಗೊಂದು ಗರಗಸ.
ಮೈಸೂರಿನ ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು
‘ಧೂಳು’ ಅಂದರು.
‘ಯಾವ ಮರದ್ದು ಅಂತ ಕೇಳವ್ವ,’ ಅಂದ ಅಪ್ಪ.

ಅವನ ಕೊಟ್ಟಿಗೆ ಗುಡಿಸಿ ತಂದ ಹೊಟ್ಟನ್ನೇ
ನಾನು ಸ್ಪಿರಿಟ್ಟಿನಲ್ಲಿ ನೆನೆಹಾಕಿದ್ದು.
ಹೊನ್ನೆಯ ಚಿಟಿಕೆ ನೀರಿಗೆ ಬಿದ್ದರೆ
ಲೋಟದಂಚಿನಲ್ಲಿ ನೀಲಿ,
ನವಿಲು ಕತ್ತು ಹೊರಳಿಸಿದ ಹಾಗೆ.
ಆ ಕಷಾಯ ಕುಡಿದ ಮಾವಿನ ಗೂಟ
ಮೂರು ಮಳೆಗಾಲ ತಡೆಯಿತು.
ನಾಲ್ಕನೆಯದರಲ್ಲಿ ಬಣ್ಣ ಮಣ್ಣಿಗಿಳಿಯಿತು.
ಐದು. ಎರಡು. ಸೊನ್ನೆ.
ಮೇಡಂ ವರದಿಯಲ್ಲಿ ಬರೆದರು:
ನೀರಿಗೆ ತೊಳೆದುಹೋಗುತ್ತದೆ.
ನಾನು ಪಕ್ಕದಲ್ಲಿ, ಪೆನ್ಸಿಲಿನಲ್ಲಿ:
ಎರವಲು ಕಹಿ.
ಆಮೇಲೆ ಅಳಿಸಿದೆ.

ಈವತ್ತು ಕೊನೇ ಸಾಲು.
ಆಲೆಮನೆಯ ಕಡೆಯಿಂದ ಪಾಕದ ವಾಸನೆ,
ಕೈಗೆಲ್ಲ ಅಂಟಿದಂತೆ.
ಒಂದು ಗೂಟದ ತಗಡು ತುಕ್ಕು ಹಿಡಿದು
ನಂಬರು ಕಾಣುತ್ತಿಲ್ಲ.
ಮಣ್ಣು ಒರೆಸಿದರೂ ಬಣ್ಣ ಹೇಳುತ್ತಿಲ್ಲ.
ಮೊನೆ ಊರಿದೆ, ಜಾರಿತು. ಹತ್ತು.
ಯಾವ ಮರದ ಹತ್ತು?
ಚೂರು ಕೆರೆದು
ಮೂಗಿನ ಹತ್ತಿರ ಹಿಡಿದೆ.

ಸೀನು ಬಂತು.
ಕಾದೆ,
ಕಬ್ಬಿನ ಗರಿ ಅಲ್ಲಾಡುವುದು ನಿಲ್ಲುವತನಕ.
ಇನ್ನೊಂದು ಬರಲಿಲ್ಲ.

ತೇಗ,
ಎಂದು ಬರೆದುಕೊಂಡೆ.