ತಳದ ಗೂಡು

ಶಿಡ್ಲಘಟ್ಟ ದಾಟಿ ಚಿಂತಾಮಣಿ ರಸ್ತೆಯಲ್ಲಿ ಮೂರು ಮೈಲಿ,
ಹಿಪ್ಪುನೇರಳೆ ಮುಗಿಯುವಲ್ಲಿ ಹಳದಿ ಕಾಂಪೌಂಡು.
ನನ್ನ ಚೀಲದಲ್ಲಿ ಇಲಾಖೆಯ ನಮೂನೆ:
ಅರವತ್ತೆರಡು ಪ್ರಶ್ನೆ, ಒಂದೊಂದಕ್ಕೂ ಐದು ಅಂಕ,
ಷರಾ ಬರೆಯಲು ಬೆರಳಗಲದ ಜಾಗ.

ವ್ಯವಸ್ಥಾಪಕರು ಎಳನೀರು ಕೊಚ್ಚಿಸಿದರು.
ಕೆಟ್ಟವರಲ್ಲ. ಜೇಬಿನಲ್ಲಿ ಯಾರದೋ ಮಾತ್ರೆ ಚೀಟಿ,
ಕಿರಾಣಿ ಅಂಗಡಿಯ ಬಾಕಿ ಲೆಕ್ಕ.
"ಎಲ್ಲಾ ನೋಡಿ ಮೇಡಂ, ಮುಚ್ಚುಮರೆ ಏನಿಲ್ಲ."

ನೋಡಿದೆ.
ಮಂಚ ಇಪ್ಪತ್ತೆರಡು. ನಡುವೆ ಟೇಪು ಹಿಡಿದೆ, ಮೂರಡಿ, ಸರಿ.
ಶೌಚದ ಗೋಡೆಗೆ ಹಿಡಿಕಂಬಿ ಇದೆ. ನೆಲ ಜಾರುವುದಿಲ್ಲ.
ಬೆಂಕಿ ಆರಿಸುವ ಕೆಂಪು ಸಿಲಿಂಡರಿಗೆ ಮಾರ್ಚಿನವರೆಗೆ ಆಯಸ್ಸು.
ನೀರಿಗೆ ಫಿಲ್ಟರು, ಪಕ್ಕದ ಗೋಡೆಗೆ ಫ್ಲೋರೈಡ್ ವರದಿ. ಐದು.
ಮುದ್ದೆ ಮುರಿದು ನುಂಗಿದೆ, ಮೆದು.
ಸೊಪ್ಪಿನ ಸಾರಿಗೆ ಉಪ್ಪು ಒಂಚೂರು ಮುಂದೆ;
ಅದಕ್ಕೆ ಕಾಲಂ ಇಲ್ಲ.
ಹೊದಿಕೆಯಲ್ಲಿ ಅಂಗಡಿಯ ಗಂಜಿ ವಾಸನೆ,
ಮಡಿಕೆಯ ಗೆರೆ ಇನ್ನೂ ಬಿಟ್ಟಿಲ್ಲ.
ಪೆನ್ನು ಒಂದು ಗಳಿಗೆ ತಡೆಯಿತು. ನಾಲ್ಕು ಕೊಟ್ಟೆ.

ವಾತಾವರಣ ಶಾಂತವಾಗಿದೆಯೇ?
ಫ್ಯಾನಿನ ಕಿರಕಿರ ಬಿಟ್ಟರೆ ಪಿಟಕ್ಕೆನ್ನುವಂತಿಲ್ಲ.
ಇಪ್ಪತ್ತೆರಡು ಜನ ಗೋಡೆಗೆ ಬೆನ್ನು ಕೊಟ್ಟು,
ತೊಡೆಯ ಮೇಲೆ ಕೈ ಇಟ್ಟು,
ಗ್ರೂಪ್ ಫೋಟೋಗೆ ಕೂತ ಹಾಗೆ.
ಐದಕ್ಕೆ ಐದು.

ಹದಿನೇಳನೇ ಮಂಚದ ಖುರ್ಷೀದ್ ಬೀ
ಬಾ ಎಂದು ಬೆರಳಾಡಿಸಿದಳು.
ನಲವತ್ತು ವರ್ಷ ಕುದಿನೀರಲ್ಲಿ ಎಳೆ ಹುಡುಕಿ ಹುಡುಕಿ
ಬೆಂದು ನುಣುಪಾದ ಬೆರಳು,
ಹೆಬ್ಬೆಟ್ಟು ಕೇಳುವ ಯಂತ್ರಕ್ಕೂ ಗುರುತು ಸಿಗದ್ದು.

"ಗೂಡಿನ ಮಾರ್ಕೆಟ್ ನೋಡಿದೀಯೇನಮ್ಮಾ?"
"ಹೊರಗಿಂದ."
"ಜಾಲರಿ ತುಂಬ ಸುರಿದಿರ್ತಾರೆ. ಮೇಲೆಲ್ಲಾ ಕೋಳಿಮೊಟ್ಟೆ ಹಂಗೆ ಬೆಳ್ಳಗೆ.
ಹರಾಜು ಕೂಗೋ ಮುಂಚೆ ನಾನು
ಮೊಣಕೈತನಕ ಕೈ ಇಳಿಸ್ತಿದ್ದೆ, ತಳಕ್ಕೆ.
ತಳದ್ದೊಂದು ಹಿಡಿ ತೆಗೆದು, ಒಂದೊಂದೇ
ಕಿವಿ ಹತ್ರ ಅಲ್ಲಾಡ್ಸೋದು.
ಗಲಗಲ ಅಂದ್ರೆ ಹುಳ ನೆಟ್ಟಗದೆ, ಎಳೆ ಬರ್ತದೆ.
ಸದ್ದೇ ಇಲ್ಲಾಂದ್ರೆ, ಒಳಗೇ ಕರಗಿ ಅಂಟ್ಕೊಂಡದೆ ಅಂತ.
ನಾನು ಹೋಗದ ದಿನ ನಮ್ಮವರು ಅಂಥದ್ದೇ ಲಾಟು ತಂದು
ಮೂರು ದಿನ ಮನೆಯೆಲ್ಲಾ ನಾತ."

ನಕ್ಕಳು. ನನ್ನ ನಗು ಅರ್ಧಕ್ಕೆ ನಿಂತಿತು.
"ಇಲ್ಲಿ ಯಾರಾದರೂ ಬೈತಾರಾ? ಹೊಡೀತಾರಾ?"
"ತೋಬಾ! ಚೌಡಮ್ಮ ಚಿನ್ನದಂಥೋಳು.
ಇಷ್ಟು ಜನಕ್ಕೂ ಅವಳೊಬ್ಬಳೇ. ರಾತ್ರಿ ಗಂಟೆ ಒತ್ತಿದ್ರೆ
ಬಂದೇ ಬರ್ತಾಳೆ, ಬೆಳಗ್ಗೆ.
ಅದಕ್ಕೇ ಐದು ಹೊಡೆದ ಮೇಲೆ
ಇಲ್ಲಿ ಯಾರೂ ನೀರು ಕುಡಿಯಲ್ಲ."

ಫಿಲ್ಟರಿನ ಲೋಟ ಒಣಗಿತ್ತು, ಬೋರಲು.

ನಮೂನೆ ಮಡಚಿ ಒಂಬತ್ತನೇ ಮಂಚದಲ್ಲಿ ಕೂತೆ,
ಪಿಳ್ಳಪ್ಪನ ಪಕ್ಕ. ಏನು ಕೇಳುವುದೆಂದು ತಿಳಿಯದೆ
"ಊಟ ಆಯ್ತಾ" ಅಂದೆ.
ಆತ ಬಾಗಿಲು ನೋಡಿದ. ನನ್ನ ಪೆನ್ನು ನೋಡಿದ.
ಜೇಬಿಗಿಟ್ಟೆ.
"ಉಪ್ಪು," ಅಂದ. "ಜಾಸ್ತಿ."
"ನಿನ್ನೆ ಹಾಕೇ ಇರ್ಲಿಲ್ಲ," ಕಿಟಕಿ ಕಡೆಯ ಮುನಿವೆಂಕಟಮ್ಮ.
"ನಿನ್ನೆದು ಬುಧವಾರ ಹಾಕೌರೆ," ಮತ್ತೊಂದು ದನಿ,
"ಬುಧವಾರದ್ದು ಯಾರಿಗೆ?"
ಒಬ್ಬರು ಕೆಮ್ಮಿದರು, ಒಬ್ಬರು ಚಪ್ಪಾಳೆ ತಟ್ಟಿದರು,
ಹಲ್ಲಿನ ಸೆಟ್ಟು ಕಳೆದದ್ದು ಮೂಲೆಯಿಂದ ಬಂತು,
ಯಾರೋ ತೆಲುಗಿನಲ್ಲಿ ಸೊಸೆಯನ್ನು ಬೈದರು.

ವ್ಯವಸ್ಥಾಪಕರು ಓಡಿ ಬಂದರು: "ಏನಿದು ಗಲಾಟೆ?"

ಶಾಂತಿಯ ಐದನ್ನು ಹೊಡೆದುಹಾಕಿದೆ.
ಬದಲಿಗೆ ಎಷ್ಟೆಂದು ಹೊಳೆಯಲಿಲ್ಲ.
ಬೆರಳಗಲದ ಜಾಗದಲ್ಲಿ ಇಷ್ಟು ಹಿಡಿಸಿತು:
ರಾತ್ರಿ ಎರಡಕ್ಕೆ ಬರಬೇಕು. ಹೇಳದೆ.

ಚಪ್ಪಲಿ ಮೆಟ್ಟುವಾಗ ಹಿಂದಿನಿಂದ ಖುರ್ಷೀದ್ ಬೀ:
"ಅಮ್ಮಾ, ಚೀಟಿಯಲ್ಲಿ ನಮ್ಮ ಲಾಟು
ಕೇಜಿಗೆ ಎಷ್ಟಕ್ಕೆ ನಿಂತಿತು?"