ನುಸಿಯ ತಲೆ

ಉತ್ಸ್ಯೋಕಿಯ ಕೆರೆ ಮಾರ್ಚಿನಲ್ಲೂ ಕಲ್ಲಾಗಿಯೇ ಇತ್ತು.
ಅಸ್ಲಾಕ್ ತಾನು ಮೀನಿಗೆಂದು ಕೊರೆದ ತೂತು ಬಿಟ್ಟುಕೊಟ್ಟ.
ಕೊಳವೆ ಇಳಿಬಿಟ್ಟೆವು:
ಮಂಜುಗಡ್ಡೆ, ನೀರು, ಆಮೇಲೆ ಮೆತ್ತಗೆ
ಕತ್ತಲು.

ಮೇಲೆ ಬಂದದ್ದು ಕೆಸರು.
ಗೇಣಿಗೊಂದು ಬಣ್ಣ. ವಾಸನೆ ಮಾತ್ರ ಒಂದೇ,
ಕೊಳೆತ ಮೊಟ್ಟೆಯದು.
"ಇಷ್ಟಕ್ಕಾ ಅಷ್ಟು ದೂರದಿಂದ ಬಂದಿರಿ?"

ಊರಿಗೆ ಮರಳಿ, ಐಲಿ ಅದನ್ನು ಬೆರಳಗಲ ಬಿಲ್ಲೆಗಳಾಗಿ ಕೊಯ್ದಳು,
ಜರಡಿ ಹಿಡಿದಳು,
ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ
ಚಿಮುಟದಲ್ಲಿ ಒಂದೊಂದಾಗಿ ಎತ್ತಿಟ್ಟಳು
ನುಸಿಮರಿಗಳ ತಲೆಚಿಪ್ಪು.
ಮೈ ಕರಗಿದೆ, ತಲೆ ಉಳಿದಿದೆ.
ಹಲ್ಲಿನ ಸಾಲು ನೋಡಿ ಜಾತಿ ಹೇಳಬೇಕು:
ಇದು ಚಳಿ ತಾಳದು, ಅದು ಸೆಕೆಗೆ ಬಾಳದು.
ಐವತ್ತು ತಲೆ ಕೂಡಿದರೆ
ಯಾರೂ ಬರೆದಿಡದ ಒಂದು ಜುಲೈ
ಎಷ್ಟು ಬೆಚ್ಚಗಿತ್ತೆಂದು ತಿಳಿಯುತ್ತದೆ,
ಒಂದು ಡಿಗ್ರಿ ಆಚೀಚೆ.

ಆ ಆಚೀಚೆಯಲ್ಲೇ ನನ್ನ ನಿದ್ದೆ ಹೋದದ್ದು.

ಬೇಸಿಗೆಗೆ ಮತ್ತೆ ಹೋದಾಗ
ಅಸ್ಲಾಕ್ ದಡದಲ್ಲಿ ಬಲೆ ಬಿಡಿಸುತ್ತ
ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳುತ್ತಿದ್ದ.
ಹೇಳಿದೆ: ನಿನ್ನ ಕೆರೆಯ ಎಂಟು ಸಾವಿರ ಬೇಸಿಗೆ
ಓದಿದ್ದು ಇವುಗಳ ತಲೆಯಿಂದ.
ಇವಲ್ಲ, ಕಚ್ಚದ ದಾಯಾದಿಗಳು.

"ನಮ್ಮಜ್ಜಿ ರವ್ನಾ ಹುಟ್ಟಿದ ವರ್ಷ
ಜುಲೈ ಬಂದರೂ ಕೆರೆ ಬಿಟ್ಟಿರಲಿಲ್ಲವಂತೆ.
ಅದೆಲ್ಲಿದೆ?"
ಬೆರಳು ಚಾಚಿ ತೋರಿಸಿದೆ,
ಉಗುರ ತುದಿಯ ಬಿಳಿಯಷ್ಟು.

ಅವನು ನಗಲಿಲ್ಲ.
ಅಂಗೈ ನೋಡಿಕೊಂಡ: ಒಂದು ಹನಿ ರಕ್ತ,
ಜಜ್ಜಿದ ಒಂದು ನುಸಿ.
ಬಗ್ಗಿ, ಕೈಯನ್ನು ಕೆರೆಯಲ್ಲಿ ಅದ್ದಿ ತೊಳೆದ.

ರೆಕ್ಕೆ ತೇಲಿತು.
ತಲೆ ಇಳಿಯಿತು.